ಶೋಧಯಂತ್ರವೂ ನಮ್ಮ ಐದು ತಾಲ್ಲೂಕುಗಳೂ

ತುಂಗಭದ್ರೆಯ ಬಲದಂಡೆಯಿಂದ ಮೂಡಣಕ್ಕೆ ಹಬ್ಬಿದ ಬಯಲುಸೀಮೆಯಲ್ಲಿ ನೆರೆಹೊರೆಯಾಗಿ ನೆಲೆಸಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳನ್ನು ಅರಿಯದ ಕನ್ನಡಿಗರು ವಿರಳವೆಂದು ನಾನು ಬಹುಕಾಲ ನಂಬಿದ್ದೆನು. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ, ಹಡಗಲಿಯ ಮಲ್ಲಿಗೆ, ಬಾಗಳಿಯ ಕಲ್ಲೇಶ್ವರ, ಗುಡೇಕೋಟೆಯ ಕರಡಿಗಳು, ಅಂಕಸಮುದ್ರದ ಹಕ್ಕಿಗಳು ಇವಿಷ್ಟನ್ನೂ ತನ್ನ ಮಡಿಲಲ್ಲಿರಿಸಿಕೊಂಡ ನಾಡು ಅಜ್ಞಾತವಾಗಿ ಉಳಿಯುವುದಾದರೂ ಹೇಗೆ ಎಂಬುದೇ ಆ ನಂಬಿಕೆಗೆ ಆಧಾರವಾಗಿತ್ತು. ಆದರೆ ಕೆಲವು ವರ್ಷಗಳ ಹಿಂದೆ, ಪುಣೆಯಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಫೋನು ಮಾಡಿ, "ಮಾವ, ಈ ಸಲ ಕೊಟ್ಟೂರು ತೇರು ಯಾವತ್ತು? ಎಷ್ಟು ಹುಡುಕಿದ್ರೂ ಸಿಗವಲ್ದು" ಎಂದು ಕೇಳಿದಂದು ಆ ನಂಬಿಕೆ ಸಡಿಲಿತು. ಅವನು ರೋಮನ್ ಅಕ್ಷರಗಳಲ್ಲಿ ಕೊಟ್ಟೂರು ಎಂದು ಬರೆದು ಹುಡುಕಿದ್ದನು. ಮೊದಲು ಬಂದುದು ಕೇರಳದ ತಿರುವನಂತಪುರದ ಸಮೀಪದಲ್ಲಿರುವ ಕೊಟ್ಟೂರಿನ ಆನೆಗಳ ಶಿಬಿರ, ಅದರ ಬಳಿಕ ತಮಿಳುನಾಡಿನ ಅದೇ ಹೆಸರಿನ ಊರು, ಅದರ ಬಳಿಕ ಎರಡು ವರ್ಷ ಹಳೆಯದಾದ ಒಂದು ಪತ್ರಿಕಾ ವರದಿ. ತೇರಿನ ಆಹ್ವಾನಪತ್ರಿಕೆ ಒಂದು ಜಾಲತಾಣದಲ್ಲಿ ಇದ್ದೇ ಇತ್ತು. ಆದರೆ ಅದು ಮುದ್ರಿತ ಪತ್ರಿಕೆಯ ಛಾಯಾಚಿತ್ರವಾಗಿ ಇತ್ತು. ಮನುಷ್ಯನ ಕಣ್ಣಿಗೆ ಅಕ್ಷರವಾಗಿ ತೋರಿದುದು ಯಂತ್ರದ ಪಾಲಿಗೆ ಬಹುಮಟ್ಟಿಗೆ ಬಣ್ಣದ ಚುಕ್ಕೆಗಳ ರಾಶಿಯಾಗಿತ್ತು. ದಿನಾಂಕ ಅಲ್ಲಿಯೇ ಇದ್ದೂ ಹುಡುಕಿದವನಿಗೆ ದೊರೆಯಲಿಲ್ಲ.

ಜಾಲತಾಣವನ್ನು ಹೇಗೆ ರಚಿಸಿದರೆ ಅದು ಶೋಧಯಂತ್ರದಲ್ಲಿ ಮುಂದೆ ಬರುತ್ತದೆ ಎಂಬ ಪ್ರಶ್ನೆಯನ್ನು ನಗರಗಳ ವ್ಯಾಪಾರವಲಯವು ಎಸ್‌ಇಒ ಎಂಬ ಹೆಸರಿನಿಂದ ಕರೆದು, ಅದನ್ನೊಂದು ವೃತ್ತಿಯಾಗಿ ಬೆಳೆಸಿದೆ. ಆ ವೃತ್ತಿಯನ್ನು ಗಾರುಡವಿದ್ಯೆಯೆಂದು ಬಗೆದು ಹಣ ತೆರುವವರೂ ಉಂಟು; ವಂಚನೆಯೆಂದು ತಿಳಿದು ಮುಖ ತಿರುಗಿಸುವ ವಿದ್ಯಾವಂತರೂ ಉಂಟು. ಎರಡೂ ಅಪೂರ್ಣವಾದ ಗ್ರಹಿಕೆಗಳೆಂಬುದು ನನ್ನ ಅಭಿಪ್ರಾಯ. ವಸ್ತುವನ್ನು ಅದರ ನಿಜವಾದ ಹೆಸರಿನಿಂದ, ಜನರು ಅದನ್ನು ಕರೆಯುವ ಎಲ್ಲ ಹೆಸರುಗಳಿಂದ, ಓದಲು ಬರುವ ಲಿಪಿಯಲ್ಲಿ, ಹುಡುಕುವವನ ಕೈಗೆ ಎಟುಕುವ ಸ್ಥಳದಲ್ಲಿ ಇರಿಸುವುದೇ ಈ ವಿದ್ಯೆಯ ಸಾರ. ಉಳಿದುದೆಲ್ಲ ಅದರ ಉಪಾಂಗ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಐದು ತಾಲ್ಲೂಕುಗಳ ಸ್ಥಿತಿ ಈ ವಿಷಯಕ್ಕೆ ಒಂದು ಉತ್ತಮ ಉದಾಹರಣೆಯಾಗುತ್ತದೆ. ಏಕೆಂದರೆ ಹೆಸರಿನ ತೊಡಕು, ಲಿಪಿಯ ತೊಡಕು, ಎಲ್ಲೆಕಟ್ಟಿನ ತೊಡಕು ಮೂರೂ ಇಲ್ಲಿ ಒಂದೆಡೆ ಕೂಡಿಕೊಂಡಿವೆ.

ಮೊದಲು ಯಂತ್ರದ ಕಾರ್ಯವಿಧಾನವನ್ನು ಸಂಕ್ಷೇಪವಾಗಿ ನೋಡೋಣ. ನಾವು ಪ್ರಶ್ನೆ ಕೇಳಿದ ಕ್ಷಣದಲ್ಲಿ ಯಂತ್ರವು ಜಗತ್ತಿನ ಪುಟಗಳನ್ನೆಲ್ಲ ತಿರುವಿ ನೋಡುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಮೊದಲೇ ಒಂದು ಪುಟದಿಂದ ಮತ್ತೊಂದಕ್ಕೆ, ಕೊಂಡಿಯಿಂದ ಕೊಂಡಿಗೆ ಸಂಚರಿಸಿ, ಕಂಡ ಪುಟಗಳ ಪದಗಳನ್ನೆಲ್ಲ ಆಯ್ದು, ಗ್ರಂಥಗಳ ಕೊನೆಯಲ್ಲಿರುವ ಪದಸೂಚಿಯಂತಹ ಒಂದು ಬೃಹತ್ ಸೂಚಿಯನ್ನು ಕಟ್ಟಿಕೊಂಡಿರುತ್ತದೆ. ಪ್ರಶ್ನೆ ಬಂದಾಗ ಆ ಸೂಚಿಯನ್ನು ನೋಡಿ, ದೊರೆತ ಪುಟಗಳಿಗೆ ತಾರತಮ್ಯವನ್ನು ಕಲ್ಪಿಸಿ, ಸಾಲಾಗಿ ನಿಲ್ಲಿಸುತ್ತದೆ. ಸಂಚಾರ, ಸೂಚೀಕರಣ, ತಾರತಮ್ಯ ಈ ಮೂರು ಮೆಟ್ಟಿಲುಗಳಲ್ಲಿ ಯಾವುದೊಂದರಲ್ಲಿ ಎಡವಿದರೂ ಪುಟವು ಕಾಣದಾಗುತ್ತದೆ. 1990ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಆರ್ಚಿ ಎಂಬುದು ಕಡತಗಳ ಹೆಸರುಗಳನ್ನಷ್ಟೇ ಹುಡುಕುತ್ತಿದ್ದಿತು. 1994ರಲ್ಲಿ ಬಂದ ಯಾಹೂ, ಮನುಷ್ಯರೇ ಕುಳಿತು ವಿಂಗಡಿಸಿದ ಒಂದು ವರ್ಗಸೂಚಿಯಾಗಿತ್ತು. 1995ರ ಆಲ್ಟಾವಿಸ್ಟಾ ಪುಟಗಳ ಒಳಪಠ್ಯವನ್ನು ಬೃಹತ್ ಪ್ರಮಾಣದಲ್ಲಿ ಸೂಚೀಕರಿಸಿತು. ಆದರೆ ಒಂದು ಪದವನ್ನು ನೂರು ಬಾರಿ ಬರೆದವನನ್ನು ಸತ್ಪುರುಷನೆಂದು ಭಾವಿಸುವ ದೌರ್ಬಲ್ಯ ಆ ಕಾಲದ ಯಂತ್ರಗಳಿಗೆಲ್ಲ ಇದ್ದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಸ್ಥಾಪಿಸಿದ ಗೂಗಲ್ಲಿನ ವೈಶಿಷ್ಟ್ಯವು, ಒಂದು ಪುಟವು ತನ್ನನ್ನು ಕುರಿತು ತಾನು ಹೇಳಿಕೊಳ್ಳುವುದಕ್ಕಿಂತ ಇತರ ಪುಟಗಳು ಅದನ್ನು ಕುರಿತು ಕೊಂಡಿಗಳ ಮೂಲಕ ಕೊಡುವ ಸಾಕ್ಷ್ಯಕ್ಕೆ ಹೆಚ್ಚು ಬೆಲೆ ಕೊಟ್ಟುದರಲ್ಲಿ ಅಡಗಿತ್ತು. ಊರಿಗೆ ಹೊಸದಾಗಿ ಬಂದವನು ಒಳ್ಳೆಯ ವೈದ್ಯನ ಮನೆ ಯಾವುದೆಂದು ಕೇಳಿದಾಗ ಹತ್ತು ಜನ ಬೊಟ್ಟು ಮಾಡುವ ಮನೆಯನ್ನು ಅವನು ನಂಬುತ್ತಾನೆ. ಆ ಹತ್ತು ಜನರಲ್ಲಿ ಊರ ಹಿರಿಯರೂ ಇದ್ದರೆ ಇನ್ನಷ್ಟು ನಂಬುತ್ತಾನೆ. ಪೇಜ್‌ರ‍್ಯಾಂಕ್ ಎಂಬ ಗಣಿತದ ಮೂಲಭಾವ ಇಷ್ಟೇ.

ಈ ಚಿಂತನೆ ಗಣಕಯಂತ್ರದೊಡನೆ ಹುಟ್ಟಿದುದೇನೂ ಅಲ್ಲ. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಓದುಗನ ಕಾಲವನ್ನು ಉಳಿಸಬೇಕೆಂಬುದೂ ಒಂದು. ಅವರು 1962ರಲ್ಲಿ ಬೆಂಗಳೂರಿನಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಪುಸ್ತಕ ಅಟ್ಟದ ಮೇಲಿದ್ದರೆ ಸಾಲದು, ಬೇಕಾದವನಿಗೆ ಬೇಕಾದಾಗ ದೊರೆಯಬೇಕೆಂಬ ಆ ಕಾಳಜಿಯೇ ಇಂದಿನ ಶೋಧಯಂತ್ರದ ಹಿಂದೆ ಇರುವುದು.

ಈಗ ಹೆಸರಿನ ವಿಚಾರಕ್ಕೆ ಬರುತ್ತೇನೆ. ಇದರಲ್ಲಿ ಸ್ವಲ್ಪ ದೀರ್ಘವಾಗಿ ನಿಲ್ಲುವುದು ಅವಶ್ಯಕ. ನಮ್ಮ ಈ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಮೈಸೂರು ಸೀಮೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚಾದಾಗ ಬಾಗಳಿಯ ಶಾಸನಗಳು ಅಲ್ಲಿ ಸೇರಲಿಲ್ಲ; ಅವು ಮದರಾಸು ಪ್ರಾಂತದ ಕನ್ನಡ ಶಾಸನಗಳೆಂದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಒಂಬತ್ತನೆಯ ಸಂಪುಟಕ್ಕೆ ಹೋದವು. ಎಂದರೆ, ಕನ್ನಡ ಶಾಸನವನ್ನು ಕನ್ನಡನಾಡಿನ ಸುಪ್ರಸಿದ್ಧ ಗ್ರಂಥಮಾಲೆಯಲ್ಲಿ ಹುಡುಕಿದ ವಿದ್ಯಾರ್ಥಿಗೆ ಅದು ದೊರೆಯುತ್ತಿರಲಿಲ್ಲ. ಶೋಧಯಂತ್ರ ಬರುವುದಕ್ಕೆ ಅರ್ಧ ಶತಮಾನದ ಮೊದಲೇ ನಮ್ಮ ಊರುಗಳು ಹುಡುಕಿದವರಿಗೆ ಸಿಗದ ಊರುಗಳಾಗಿದ್ದುವು. ಆ ಬಳಿಕದ ಕಥೆಯೂ ಇದೇ ರೀತಿಯದು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ಅದಕ್ಕೆ ಸೇರಿತು. ಬಳ್ಳಾರಿಯೂ ಸೇರಿದ ಹಿಂದುಳಿದ ಪ್ರದೇಶಕ್ಕೆ ಸಂವಿಧಾನದ 371ಜೆ ವಿಧಿಯು ಕೊಟ್ಟ ವಿಶೇಷ ಸೌಲಭ್ಯಕ್ಕಾಗಿ ಜನರು ಬಹುಕಾಲ ಹೋರಾಡಿದ ಫಲವಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಆ ಹೊಸ ಜಿಲ್ಲೆಯ ಅಂಗವಾಯಿತು. ಹೀಗೆ ಒಂದೇ ಊರಿನ ಶಾಲೆ, ಆಸ್ಪತ್ರೆ, ದೇವಾಲಯಗಳ ವಿವರಗಳು ಮೂರು ಜಿಲ್ಲೆಗಳ ಹೆಸರಿನಲ್ಲಿ ಚದುರಿಹೋಗಿವೆ. ಕೊಟ್ಟೂರು ಈಚಿನ ವರ್ಷಗಳಲ್ಲಿ ಕೂಡ್ಲಿಗಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಅಲ್ಲಿಯ ಹಳ್ಳಿಗಳ ಹಳೆಯ ಪುಟಗಳೆಲ್ಲ ಇಂದಿಗೂ ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ ಎಂದೇ ಹೇಳುತ್ತಿವೆ. ಬಳ್ಳಾರಿ, ಹೊಸಪೇಟೆಗಳ ರೋಮನ್ ಕಾಗುಣಿತವೇ 2014ರ ನವೆಂಬರ್ 1ರಂದು ಬದಲಾಯಿತು.

ಇಷ್ಟು ಸಾಲದೆಂಬಂತೆ ಹೆಸರುಗಳ ಸಾದೃಶ್ಯ ಬೇರೆ. ಹಗರಿಬೊಮ್ಮನಹಳ್ಳಿಯನ್ನು ಸುತ್ತಣ ಜನರು ಬಾಯಿಮಾತಿನಲ್ಲಿ ಬೊಮ್ಮನಹಳ್ಳಿಯೆಂದರೆ, ಶೋಧಯಂತ್ರವು ಬೆಂಗಳೂರಿನ ಬೊಮ್ಮನಹಳ್ಳಿಗೆ ಕರೆದೊಯ್ಯುತ್ತದೆ, ಎಚ್.ಬಿ.ಹಳ್ಳಿ ಎಂದು ಬರೆದರೆ ಮತ್ತೊಂದು ಬಗೆಯ ಫಲಿತಾಂಶ ಬರುತ್ತದೆ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿ ಕೊಟ್ಟೂರು ತಾಲ್ಲೂಕಿನಲ್ಲಿದೆ. ಅಲ್ಲಿಯ ಮರುಳಸಿದ್ಧೇಶ್ವರ ದೇಗುಲದ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕವು ಅಪೂರ್ವವಾದ ಆಚರಣೆ. ಆದರೆ ಉಜ್ಜಯಿನಿ ಎಂದು ಹುಡುಕಿದವನಿಗೆ ಮಧ್ಯಪ್ರದೇಶದ ಮಹಾಕಾಲೇಶ್ವರನ ದರ್ಶನವೇ ಮೊದಲು. ಹಡಗಲಿ ಎಂಬುದನ್ನು ರೋಮನ್ ಅಕ್ಷರದಲ್ಲಿ ಒಂದು ಲಕಾರದಿಂದ ಬರೆಯುವವರೂ ಎರಡು ಲಕಾರಗಳಿಂದ ಬರೆಯುವವರೂ ಇದ್ದಾರೆ. ಹೂವಿನ ಎಂಬ ಪೂರ್ವಪದವನ್ನು ಸೇರಿಸಿ ಬರೆಯುವವರು, ಬಿಡಿಸಿ ಬರೆಯುವವರು, ಬಿಟ್ಟೇಬಿಡುವವರು ಎಂದು ಮತ್ತೆ ಮೂರು ಪಂಗಡ. ಇಂತಹಲ್ಲಿ ಜಾಲತಾಣ ಕಟ್ಟುವವನು ಕೈಗೊಳ್ಳಬೇಕಾದ ಉಪಾಯ ಸರಳವಾದುದು: ಪುಟದ ಶೀರ್ಷಿಕೆಯಲ್ಲಿ ಊರು, ತಾಲ್ಲೂಕು, ಜಿಲ್ಲೆ ಮೂರೂ ಇರಬೇಕು, ಒಳಪಠ್ಯದ ಮೊದಲ ಪರಿಚ್ಛೇದದಲ್ಲಿ ಊರಿನ ಹಳೆಯ ಹೆಸರನ್ನೂ ಬಳಕೆಯ ಹೆಸರನ್ನೂ ಸಂಕ್ಷಿಪ್ತ ರೂಪವನ್ನೂ, ಹಿಂದೆ ಯಾವ ಜಿಲ್ಲೆಯಲ್ಲಿತ್ತೆಂಬುದನ್ನೂ ಒಂದು ಸಹಜವಾದ ವಾಕ್ಯದಲ್ಲಿ ಹೇಳಿರಬೇಕು. ಇದು ಯಂತ್ರಕ್ಕಾಗಿ ಮಾಡುವ ಕಸರತ್ತಲ್ಲ; ಸ್ಥಳಪುರಾಣವನ್ನು ಬರೆಯುವ ಯಾವ ಜವಾಬ್ದಾರಿಯುತ ಲೇಖಕನೂ ಮಾಡತಕ್ಕ ಕೆಲಸ.

ಲಿಪಿಯ ತೊಡಕು ಇನ್ನೂ ಆಳವಾದುದು. ಕನ್ನಡ ಗಣಕಯಂತ್ರದ ಇತಿಹಾಸದಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳು ಮಾಡಿದ ಉಪಕಾರವನ್ನು ಯಾರೂ ಮರೆಯಲಾಗದು. ಆದರೆ ಅವುಗಳ ಆರಂಭಕಾಲದ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡವಾಗಿ ತೋರುತ್ತಿದ್ದ ಪ್ರತಿಯೊಂದು ಅಕ್ಷರವೂ ಒಳಗೆ ರೋಮನ್ ಅಕ್ಷರಗಳ ಅಥವಾ ಚಿಹ್ನೆಗಳ ವೇಷಾಂತರವಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕವಿತೆಯೂ ಕಾಯಿದೆಯೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿದ್ದುವು. ಶೋಧಯಂತ್ರದ ಸಂಚಾರಿಗೆ ಕಾಣುತ್ತಿದ್ದುದೂ ಅದೇ ಸಾಲು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸ್ಥಿರವಾದ ಸಂಖ್ಯೆಯನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ ನಮ್ಮ ಮುದ್ರಣಾಲಯಗಳೂ ಕಚೇರಿಗಳೂ ಅದಕ್ಕೆ ಒಗ್ಗಿಕೊಳ್ಳಲು ಬಹಳ ವರ್ಷಗಳು ಹಿಡಿದುವು. ಆ ನಡುಗಾಲದಲ್ಲಿ ಟೈಪಾದ ಸ್ಮರಣಸಂಚಿಕೆಗಳು, ಜಾತ್ರೆಯ ಕರಪತ್ರಗಳು, ತಾಲ್ಲೂಕು ಸಾಹಿತ್ಯ ಸಮ್ಮೇಳನಗಳ ಭಾಷಣಗಳು ಜಾಲಕ್ಕೆ ಏರಿದರೂ ಅಲ್ಲಿ ಇಲ್ಲದಂತೆಯೇ ಇವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಡುವ ತಂತ್ರಾಂಶಗಳು ಇಂದು ಉಚಿತವಾಗಿಯೇ ದೊರೆಯುತ್ತವೆ. ಕೆಲಸ ಮಾಡುವ ಕೈಗಳು ಮಾತ್ರ ಬೇಕು.

ಲಿಪಿಯ ಮಾತಿನಲ್ಲಿ ಹರಪನಹಳ್ಳಿಯ ಒಬ್ಬ ಮಹನೀಯರನ್ನು ನೆನೆಯದೆ ಮುಂದೆ ಹೋಗಲಾರೆ. 1913ರಲ್ಲಿ ಆ ಊರಿನಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಬೀಚಿ ಎಂಬ ತಮ್ಮ ಕಾವ್ಯನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಉಳಿದುದನ್ನು ರೋಮನ್ ಲಿಪಿಯಲ್ಲಿಯೂ ಬರೆಯುತ್ತಿದ್ದರು. ಓದುಗರಿಗೆ ಅದು ಪ್ರಿಯವಾದ ಅಂಕಿತ. ಯಂತ್ರಕ್ಕೆ ಅದು ಎರಡು ಲಿಪಿಗಳ ಸಂಕರ. ಬೀಚಿ ಎಂದು ಪೂರ್ತಿ ಕನ್ನಡದಲ್ಲಿ ಬರೆದ ಪುಟಗಳು, ಮಿಶ್ರಲಿಪಿಯಲ್ಲಿ ಬರೆದ ಪುಟಗಳು, ಪೂರ್ತಿ ರೋಮನ್ನಿನಲ್ಲಿ ಬರೆದ ಪುಟಗಳು, ನಿಜನಾಮದಲ್ಲಿರುವ ಪುಟಗಳು ಎಂದು ಒಬ್ಬರೇ ಲೇಖಕರ ವಿಷಯ ನಾಲ್ಕಾಗಿ ಒಡೆಯುತ್ತದೆ. ಲೇಖಕರ ಇಚ್ಛೆಯನ್ನು ನಾವು ತಿದ್ದಬಾರದು. ಆದರೆ ಅವರನ್ನು ಕುರಿತು ಬರೆಯುವ ಪುಟದಲ್ಲಿ ಆ ನಾಲ್ಕು ರೂಪಗಳನ್ನೂ ಒಮ್ಮೆಯಾದರೂ ದಾಖಲಿಸುವುದು ನಮ್ಮ ಕರ್ತವ್ಯ. ಹರಿದಾಸಿಯಾದ ಹರಪನಹಳ್ಳಿ ಭೀಮವ್ವನವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಭೀಮವ್ವ, ಭೀಮಮ್ಮ ಎಂಬ ರೂಪಭೇದದಿಂದಲೇ ಅವರ ಹಾಡುಗಳನ್ನು ಹುಡುಕುವ ಹೆಣ್ಣುಮಕ್ಕಳು ಬರಿಗೈಯಲ್ಲಿ ಹಿಂದಿರುಗಬಾರದು.

ಕನ್ನಡದ ವ್ಯಾಕರಣವೂ ಈ ಯಂತ್ರಕ್ಕೆ ಒಂದು ಪರೀಕ್ಷೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಎಲ್ಲಿ ಬಂದರೂ ಬಹುಮಟ್ಟಿಗೆ ಒಂದೇ ರೂಪದಲ್ಲಿರುತ್ತದೆ. ನಮ್ಮಲ್ಲಿ ಕೊಟ್ಟೂರು ಎಂಬ ಪ್ರಕೃತಿಯು ಕೊಟ್ಟೂರನ್ನು, ಕೊಟ್ಟೂರಿನಿಂದ, ಕೊಟ್ಟೂರಿಗೆ, ಕೊಟ್ಟೂರಿನ, ಕೊಟ್ಟೂರಿನಲ್ಲಿ ಎಂದು ವಿಭಕ್ತಿಗಳಲ್ಲಿ ಹರಿಯುತ್ತದೆ. ಸಂಧಿಯಾದರೆ ಕೊಟ್ಟೂರೇಶ್ವರ ಎಂದಾಗಿ ಊರಿನ ಕೊನೆಯ ಸ್ವರವೇ ಮರೆಯಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವೇಚಿಸಿದ ಪ್ರಕೃತಿ-ಪ್ರತ್ಯಯಗಳ ಭೇದವನ್ನು ಯಂತ್ರವು ತಾನೂ ಕಲಿಯಬೇಕಾಗುತ್ತದೆ, ಕಲಿಯುವುದಾದರೂ ಹೇಗೆ? ಯಥೇಚ್ಛವಾಗಿ ದೊರೆಯುವ ಒಳ್ಳೆಯ ಪಠ್ಯದಿಂದ. 2019ರ ಕೊನೆಯಲ್ಲಿ ಗೂಗಲ್ ಸಂಸ್ಥೆಯು ಪದಗಳನ್ನು ಬಿಡಿಬಿಡಿಯಾಗಿ ನೋಡದೆ ವಾಕ್ಯದ ಸಂದರ್ಭದಲ್ಲಿ ಗ್ರಹಿಸುವ ಬರ್ಟ್ ಎಂಬ ವಿಧಾನವನ್ನು ಕನ್ನಡವೂ ಸೇರಿದಂತೆ ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿದೆಯೆಂಬುದು ನನ್ನ ಅನುಭವ. ಆದರೂ ಊರಿನ ಹೆಸರು ಶೀರ್ಷಿಕೆಯಲ್ಲಿ ಪ್ರಥಮಾ ವಿಭಕ್ತಿಯಲ್ಲಿ, ಯಾವ ಸಂಧಿಯೂ ಇಲ್ಲದೆ, ಒಮ್ಮೆ ಇರುವುದು ಒಳ್ಳೆಯದೆಂದು ಹೇಳುತ್ತೇನೆ. ಸಾಮಾನ್ಯ ಜನರು ಹುಡುಕುವಾಗ ಬರೆಯುವುದು ಹಾಗೆಯೇ.

ಜನರು ಬರೆಯುವುದು ಹೇಗೆ ಎಂಬುದೇ ಈ ವಿದ್ಯೆಯ ಹೃದಯಭಾಗ. ಒಂದು ಉದಾಹರಣೆ ಕೊಡುತ್ತೇನೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಭಾರತದಲ್ಲಿಯೇ ಮೊದಲ ಬಾರಿಗೆ ಕಂಡುಬಂದು, ಬಳಿಕ ದೇಶವನ್ನೆಲ್ಲ ವ್ಯಾಪಿಸಿದ ಕೀಟವನ್ನು ಇಲಾಖೆಯ ಪ್ರಕಟಣೆಗಳು ಫಾಲ್ ಸೈನಿಕ ಹುಳು ಎಂದು ಕರೆದುವು. ಹರಪನಹಳ್ಳಿ, ಕೂಡ್ಲಿಗಿಗಳ ಮೆಕ್ಕೆಜೋಳದ ರೈತನು ಸುಳಿಯೊಳಗೆ ಹಿಕ್ಕೆ ತುಂಬಿಸುವ ಆ ಹುಳುವನ್ನು ಲದ್ದಿಹುಳು ಎಂದನು. ಅವನು ಮೊಬೈಲಿನಲ್ಲಿ ಹುಡುಕುವುದು, ಈಗೀಗ ಬಾಯಿಂದಲೇ ಕೇಳುವುದು, ತನ್ನ ಹೆಸರನ್ನೇ. ಔಷಧ ಹೇಳುವ ಪುಟದಲ್ಲಿರುವುದು ಶಾಸ್ತ್ರದ ಹೆಸರು ಮಾತ್ರ. ಎರಡು ಹೆಸರುಗಳೂ ಒಂದೇ ಪುಟದಲ್ಲಿ ಸೇರದಿದ್ದಲ್ಲಿ ಪ್ರಶ್ನೆಯೂ ಉತ್ತರವೂ ಒಂದೇ ಊರಿನಲ್ಲಿದ್ದು ಸಂಧಿಸದೆ ಹೋಗುತ್ತವೆ. ಕೀವರ್ಡ್ ಎಂದು ವೃತ್ತಿಯವರು ದೊಡ್ಡದಾಗಿ ಹೇಳುವ ತತ್ತ್ವವು ವಾಸ್ತವವಾಗಿ ಜನರ ನುಡಿಯನ್ನು ಗೌರವಿಸುವ ವಿನಯವಲ್ಲದೆ ಬೇರೆ ಅಲ್ಲ. ಶೀರ್ಷಿಕೆಗಳ ಮರೆಯಲ್ಲಿ ಪದಗಳ ಪಟ್ಟಿಯನ್ನು ಗುಪ್ತವಾಗಿ ತುಂಬುವ ಹಳೆಯ ಪದ್ಧತಿಗೆ ತಾನು ಯಾವ ಬೆಲೆಯನ್ನೂ ಕೊಡುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿದೆ.

ಇನ್ನು ಈ ವಿದ್ಯೆಯ ಕತ್ತಲೆಯ ಮುಖ. ನಮ್ಮ ಐದು ಊರುಗಳ ಹೆಸರನ್ನು ಸಾಲಾಗಿ ಬರೆದು ಹುಡುಕಿದರೆ, ಈ ಊರುಗಳನ್ನು ಕಂಡೂ ಅರಿಯದ ದೂರದ ವ್ಯಾಪಾರಿಗಳ ಪುಟಗಳು ಎದುರಾಗುತ್ತವೆ. ಕೂಡ್ಲಿಗಿಯಲ್ಲಿ ಅತ್ಯುತ್ತಮ ಸೇವೆ ಎಂಬ ಒಂದು ಪುಟ. ಅದನ್ನೇ ನಕಲು ಮಾಡಿ ಊರಿನ ಹೆಸರನ್ನಷ್ಟೇ ತಿದ್ದಿ ಕೊಟ್ಟೂರಿನಲ್ಲಿ ಅತ್ಯುತ್ತಮ ಸೇವೆ ಎಂಬ ಇನ್ನೊಂದು. ಹೀಗೆ ಹಳ್ಳಿಹಳ್ಳಿಗೂ ಒಂದೊಂದು. ಒಳಗೆ ಹೊಕ್ಕರೆ ಅಂಗಡಿಯಿಲ್ಲ, ಬಾಗಿಲು ಮಾತ್ರ. ಇಂತಹ ಪುಟಗಳನ್ನು ಡೋರ್‌ವೇ ಎಂದು ಗುರುತಿಸಿ ಹಿಂದೆ ಸರಿಸುವ ಕ್ರಮವನ್ನು ಗೂಗಲ್ 2015ರಲ್ಲಿ ಬಿಗಿಗೊಳಿಸಿತು. ಅದಕ್ಕೆ ಮೊದಲೇ 2011ರ ಪಾಂಡಾ ಎಂಬ ಪರಿಷ್ಕರಣವು ಟೊಳ್ಳಾದ ಬರಹಗಳನ್ನೂ 2012ರ ಪೆಂಗ್ವಿನ್ ಎಂಬ ಪರಿಷ್ಕರಣವು ಹಣ ಕೊಟ್ಟು ಕಟ್ಟಿಸಿದ ಕೊಂಡಿಗಳನ್ನೂ ಹಿಂದಕ್ಕೆ ತಳ್ಳಿದ್ದುವು. 2024ರ ಮಾರ್ಚ್ ತಿಂಗಳ ನಿಯಮಗಳು ಯಂತ್ರದಿಂದಲೋ ಮನುಷ್ಯರಿಂದಲೋ ರಾಶಿರಾಶಿಯಾಗಿ ಉತ್ಪಾದಿಸಿದ ನಿಷ್ಪ್ರಯೋಜಕ ಪುಟಗಳನ್ನು ಅಪರಾಧದ ಪಟ್ಟಿಗೆ ಸೇರಿಸಿದುವು. ಆದರೂ ನಮ್ಮ ಊರುಗಳ ಹೆಸರಿನಲ್ಲಿ ಇಂತಹ ಪುಟಗಳು ಇನ್ನೂ ಬದುಕಿವೆಯೆಂದರೆ ಅದಕ್ಕೆ ಕಾರಣ ವಂಚಕರ ಚಾತುರ್ಯವೊಂದೇ ಅಲ್ಲ. ಅವುಗಳೊಡನೆ ಸ್ಪರ್ಧಿಸತಕ್ಕ ಸತ್ಯವಾದ ಪುಟಗಳನ್ನು ಊರಿನವರು ಬರೆದಿಲ್ಲ. ಬಿತ್ತದೆ ಬಿಟ್ಟ ಹೊಲದಲ್ಲಿ ಕಳೆ ಬೆಳೆಯುವುದು ನಿಸರ್ಗನಿಯಮ.

ಮೈಲಾರದ ಕಾರ್ಣಿಕದ ವಿಷಯದಲ್ಲಿ ನನಗೆ ವಿಶೇಷವಾದ ನೋವಿದೆ. ಹಡಗಲಿ ತಾಲ್ಲೂಕಿನ ಆ ಕ್ಷೇತ್ರದಲ್ಲಿ ಉಪವಾಸವ್ರತದಲ್ಲಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನರ ಸದ್ದಡಗಿದ ಮೌನದಲ್ಲಿ ನುಡಿಯುವ ಒಂದೇ ಒಂದು ವಾಕ್ಯವನ್ನು ರೈತರು ವರ್ಷದ ಮಳೆಬೆಳೆಗಳ ಸೂಚನೆಯೆಂದು ಸ್ವೀಕರಿಸುತ್ತಾರೆ. ಅಂದು ಸಂಜೆ ಆ ವಾಕ್ಯವನ್ನು ಹುಡುಕಿದವನಿಗೆ ದೊರೆಯುವುವು, ಈ ಬಾರಿಯ ಕಾರ್ಣಿಕ ಕೇಳಿದರೆ ಬೆಚ್ಚಿಬೀಳುತ್ತೀರಿ ಎಂಬ ಧಾಟಿಯ ಶೀರ್ಷಿಕೆಗಳು. ವಾಕ್ಯವು ಪುಟದ ಕಟ್ಟಕಡೆಯಲ್ಲಿ, ಹತ್ತು ಜಾಹೀರಾತುಗಳ ಕೆಳಗೆ. ಶೀರ್ಷಿಕೆಯಲ್ಲಿಯೇ ವರ್ಷವನ್ನೂ ವಾಕ್ಯವನ್ನೂ ಇಟ್ಟು, ಹಿಂದಿನ ವರ್ಷಗಳ ವಾಕ್ಯಗಳನ್ನೂ ಒಂದೇ ಪುಟದಲ್ಲಿ ಕ್ರಮವಾಗಿ ಸಂಗ್ರಹಿಸಿದ ಒಂದು ಪುಟವು ಇದ್ದಿದ್ದರೆ, ಅದು ಜನಪದದ ಅಧ್ಯಯನಕ್ಕೂ ಆಕರವಾಗುತ್ತಿತ್ತು, ಯಂತ್ರದ ದೃಷ್ಟಿಯಲ್ಲಿಯೂ ಮೇಲೇರುತ್ತಿತ್ತು.

ತಾಂತ್ರಿಕವಾದ ಕೆಲವು ವಿಷಯಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ನಮ್ಮ ಹಳ್ಳಿಗಳಲ್ಲಿ ಜಾಲವನ್ನು ನೋಡುವುದು ಮೊಬೈಲಿನಲ್ಲಿಯೇ. ಗೂಗಲ್ ಕೂಡ ಪುಟದ ಮೊಬೈಲ್ ರೂಪವನ್ನೇ ಪ್ರಮಾಣವಾಗಿ ಸೂಚೀಕರಿಸುತ್ತದೆ. ಪುಟದ ಮುಖ್ಯಭಾಗವು ಎರಡೂವರೆ ಸೆಕೆಂಡಿನೊಳಗೆ ತೆರೆಯಬೇಕು, ಒತ್ತಿದ ಗುಂಡಿಗೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ದೊರೆಯಬೇಕು ಎಂಬುದು ಅದರ ಇಂದಿನ ಅಳತೆ. ಜಾತ್ರೆಯ ಐವತ್ತು ಛಾಯಾಚಿತ್ರಗಳನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲಿಯೇ ಏರಿಸಿದರೆ ಈ ಅಳತೆ ತಪ್ಪುತ್ತದೆ. ಚಿತ್ರಗಳನ್ನು ಕಿರಿದುಗೊಳಿಸಿ, ಪ್ರತಿಯೊಂದಕ್ಕೂ ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಬರೆಯಬೇಕು. ಅದು ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೂ ಉಪಕಾರಿ. ತಾಣವನ್ನು ಕಟ್ಟುವ ಕಾಲದಲ್ಲಿ ಸಂಚಾರಿಯಂತ್ರಗಳು ಒಳಬರದಂತೆ ರೋಬೋಟ್ಸ್ ಎಂಬ ಸಣ್ಣ ಕಡತದಲ್ಲಿ ಹಾಕಿದ ತಡೆಯನ್ನು ಕಟ್ಟಿ ಮುಗಿದ ಮೇಲೆ ತೆಗೆಯಲು ಮರೆಯುವುದು ಆಶ್ಚರ್ಯಕರವಾಗಿ ಸಾಮಾನ್ಯವಾದ ದೋಷ. ಬೀಜಗೊಬ್ಬರದ ಅಂಗಡಿ, ಖಾನಾವಳಿ, ಲಾಡ್ಜುಗಳಂತಹ ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ಪರಿಗಣಿಸುವುದು ಪ್ರಸ್ತುತತೆ, ದೂರ, ಪ್ರಸಿದ್ಧಿ ಎಂಬ ಮೂರನ್ನು. ಭೂಪಟದಲ್ಲಿ ಅಂಗಡಿಯ ಹೆಸರು, ವೇಳೆ, ದೂರವಾಣಿಗಳನ್ನು ಸರಿಯಾಗಿ ದಾಖಲಿಸಲು ಹಣವೇನೂ ಬೇಕಾಗಿಲ್ಲ. ಮೊದಲ ಸ್ಥಾನವನ್ನು ಖಚಿತವಾಗಿ ಕೊಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬಾರದು. ಹಾಗೆ ಯಾರೂ ಭರವಸೆ ಕೊಡಲಾರರೆಂಬುದು ಗೂಗಲ್ಲಿನದೇ ಎಚ್ಚರಿಕೆ.

ಹಾಗಾದರೆ ಪುಟದಲ್ಲಿ ಏನನ್ನು ಬರೆಯಬೇಕು? ಮಾದರಿಯು ನಮ್ಮ ನೆಲದಲ್ಲಿಯೇ ನಿಂತಿದೆ. ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಇರುವಂತಹ ಚಾಲುಕ್ಯರ ಕಾಲದ ಒಂದು ದಾನಶಾಸನವನ್ನು ನೋಡಿರಿ: ಆಳುವ ಅರಸನಾರು, ಶಕವರ್ಷ ಯಾವುದು, ತಿಥಿವಾರಗಳಾವುವು, ದಾನಿಯಾರು, ಯಾವ ದೇವರಿಗೆ ಎಷ್ಟು ಮತ್ತರು ಭೂಮಿ, ಅದರ ಎಲ್ಲೆ ಯಾವುದು ಎಂಬುದನ್ನೆಲ್ಲ ಕ್ರಮವಾಗಿ ಹೇಳುತ್ತದೆ. ಯಾರು, ಎಲ್ಲಿ, ಎಂದು, ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಬರಹವು ಸಾವಿರ ವರ್ಷಗಳ ನಂತರದ ಓದುಗನಿಗೂ ಉಪಯುಕ್ತವಾಗಿ ಉಳಿಯಿತು. 2011ರಲ್ಲಿ ಕೆಲವು ದೊಡ್ಡ ಶೋಧಯಂತ್ರಗಳು ಕೂಡಿ ಸ್ಕೀಮಾ ಎಂಬ ಹೆಸರಿನಲ್ಲಿ ರೂಪಿಸಿದ ಗುರುತುಪದ್ಧತಿ, ಘಟನೆಯ ಹೆಸರು, ಸ್ಥಳ, ಆರಂಭದ ದಿನ, ಮುಗಿಯುವ ದಿನಗಳನ್ನು ಪ್ರತ್ಯೇಕವಾಗಿ ಗುರುತಿಸಿ ಬರೆಯಿರಿ ಎಂದು ಹೇಳುವಾಗ ಅದೇ ಶಿಸ್ತನ್ನೇ ಕೇಳುತ್ತಿದೆ. ನಮ್ಮಲ್ಲಿ ವಸ್ತುವಿಗೆ ಬರಗಾಲವಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ, ಊರಿನವರು ನೀರಾವರಿಗಾಗಿ ಹಿಂದೆಂದೋ ಕಟ್ಟಿಕೊಂಡುದು, ಕೇವಲ 98.76 ಹೆಕ್ಟೇರು ವಿಸ್ತಾರವುಳ್ಳದು, 2024ರಲ್ಲಿ ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆಗಳೊಡನೆ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ತ್ವದ ಜೌಗುಪ್ರದೇಶಗಳಲ್ಲಿ ಒಂದಾಯಿತು. ಯಾವ ತಿಂಗಳಲ್ಲಿ ಯಾವ ಹಕ್ಕಿ ಬರುತ್ತದೆ, ಹೊಸಪೇಟೆಯಿಂದ ಬಸ್ಸು ಎಷ್ಟು ಹೊತ್ತಿಗೆ, ಕಟ್ಟೆಯ ಯಾವ ಬದಿಯಿಂದ ನೋಡಿದರೆ ಬೆಳಕು ಬೆನ್ನಿಗಿರುತ್ತದೆ ಎಂಬುದನ್ನು ಬಲ್ಲವರು ಅಲ್ಲಿಯ ಹುಡುಗರೇ ಹೊರತು ರಾಜಧಾನಿಯ ಲೇಖಕರಲ್ಲ. ಕೂಡ್ಲಿಗಿಯ ಗುಡೇಕೋಟೆಯಲ್ಲಿ ಕರಡಿಧಾಮವಿದ್ದರೂ ಕರಡಿಧಾಮವೆಂದು ಹುಡುಕಿದಾಗ ನನಗೆ ದರೋಜಿಯ ಕರಡಿಧಾಮವೇ ಮೊದಲು ದೊರೆತದ್ದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯನ್ನು ಬೆಳೆಯುವ ಒಕ್ಕಲಿಗನ ಬಾಯಿಂದ ಗಿಡ ನೆಡುವ ಕಾಲ, ಸವರುವ ಕಾಲ, ಮೊಗ್ಗು ಬಿಡಿಸುವ ಹೊತ್ತುಗಳ ವಿವರವನ್ನು ಕೇಳಿ ಬರೆದ ಒಂದೇ ಒಂದು ಪುಟ, ಮಲ್ಲಿಗೆಯ ಸುವಾಸನೆಯನ್ನು ವಿಶೇಷಣಗಳಿಂದ ವರ್ಣಿಸುವ ನೂರು ಪುಟಗಳಿಗಿಂತ ಮೇಲು. ಯಂತ್ರವೂ ಕಾಲಕ್ರಮದಲ್ಲಿ ಅದನ್ನೇ ಮೇಲೆ ನಿಲ್ಲಿಸುತ್ತದೆ.

ಇಂತಹ ಪುಟಗಳು ಒಂದಕ್ಕೊಂದು ಕೈಗೊಟ್ಟುಕೊಳ್ಳುವುದೂ ಅವಶ್ಯಕ. ಕೊಟ್ಟೂರಿನ ಪುಟವು ಉಜ್ಜಿನಿಯ ಪುಟಕ್ಕೂ, ಮೈಲಾರದ ಪುಟವು ನೆರೆಯ ಕುರುವತ್ತಿಯ ಪುಟಕ್ಕೂ, ಶಾಲೆಯ ತಾಣವು ಊರಿನ ಗ್ರಂಥಾಲಯದ ತಾಣಕ್ಕೂ ಕೊಂಡಿ ಕೊಟ್ಟರೆ ಅದು ನೆರೆಯವರ ಪರಸ್ಪರ ಸಾಕ್ಷ್ಯವಾಗುತ್ತದೆ. 2003ರಿಂದ ನಡೆದುಬಂದಿರುವ ಕನ್ನಡ ವಿಕಿಪೀಡಿಯದಲ್ಲಿ ಈ ಊರುಗಳ ಲೇಖನಗಳನ್ನು ಆಧಾರಸಹಿತವಾಗಿ ವಿಸ್ತರಿಸುವುದೂ ಇದೇ ಸೇವೆಯ ಒಂದು ಮುಖ. ನಮ್ಮ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಬಹುದು.

ಈಗ ಪ್ರಶ್ನೆಯು ಹೊಸ ರೂಪವನ್ನು ತಾಳುತ್ತಿದೆ. 2024ರಿಂದ ಶೋಧಯಂತ್ರವು ಪುಟಗಳ ಪಟ್ಟಿಯ ಮೇಲೆ ತಾನೇ ರಚಿಸಿದ ಉತ್ತರವನ್ನು ಇಡಲು ಆರಂಭಿಸಿದೆ. ಪುಟಗಳಿಗೆ ಇನ್ನು ಬೆಲೆಯಿಲ್ಲವೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕೃತಕಬುದ್ಧಿಯು ಉತ್ತರವನ್ನು ಕಟ್ಟುವುದು ಯಾರೋ ಬರೆದಿಟ್ಟ ಪಠ್ಯದಿಂದಲೇ. ಇಂಗ್ಲಿಷಿನಲ್ಲಿ ಒಬ್ಬನು ತಪ್ಪು ಬರೆದರೆ ಹತ್ತು ಜನ ತಿದ್ದುವರು, ಹರಪನಹಳ್ಳಿಯ ಪಾಳೆಯಗಾರರನ್ನು ಕುರಿತು ಕನ್ನಡದಲ್ಲಿ ಇರುವ ಒಂದೇ ಪುಟ ತಪ್ಪಾಗಿದ್ದರೆ ಆ ತಪ್ಪೇ ಉತ್ತರವಾಗಿ ಸ್ಥಿರಪಡುವುದು. ಆದುದರಿಂದ ಸಣ್ಣ ಊರಿನ ಬರಹಗಾರನ ಹೊಣೆ ಈಗ ಮೊದಲಿಗಿಂತ ಹೆಚ್ಚಿನದು.

ಕೊಟ್ಟೂರಿನ ತೇರು ಚಾಂದ್ರಮಾನದ ಲೆಕ್ಕದಲ್ಲಿ ಒಂದು ವರ್ಷ ಫೆಬ್ರವರಿಯಲ್ಲಿ, ಇನ್ನೊಂದು ವರ್ಷ ಮಾರ್ಚ್ ತಿಂಗಳಲ್ಲಿ ಬರುತ್ತದೆ. ದಾವಣಗೆರೆಯಿಂದಲೂ ಸುತ್ತಣ ಊರುಗಳಿಂದಲೂ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದೇವಾಲಯಗಳ ಆಡಳಿತ ನೋಡುವವರಲ್ಲಿಯೂ ಊರಿನ ಯುವಕರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೇ: ವರ್ಷಕ್ಕೊಂದು ಹೊಸ ಪುಟವನ್ನು ತೆರೆದು ಹಳೆಯದನ್ನು ಅನಾಥವಾಗಿ ಬಿಡದೆ, ಒಂದೇ ವಿಳಾಸದ ಒಂದು ಪುಟವನ್ನು ಸ್ಥಿರವಾಗಿಟ್ಟುಕೊಂಡು, ಮುಂದಿನ ತೇರಿನ ದಿನಾಂಕವನ್ನೂ ವೇಳೆಯನ್ನೂ ಅದರ ಮೊದಲ ಸಾಲಿನಲ್ಲಿ, ಯೂನಿಕೋಡ್ ಕನ್ನಡದ ಅಕ್ಷರಗಳಲ್ಲಿ, ಕೊಟ್ಟೂರು, ವಿಜಯನಗರ ಜಿಲ್ಲೆ ಎಂಬ ಪೂರ್ಣ ಹೆಸರಿನೊಡನೆ, ಪಂಚಾಂಗ ನಿಶ್ಚಯವಾದ ದಿನವೇ ಬರೆದು ಹಾಕಿರಿ. ಆಹ್ವಾನಪತ್ರಿಕೆಯ ಚಿತ್ರವನ್ನು ಅದರ ಕೆಳಗೆ ಇಟ್ಟರೆ ಸಾಕು.